ಕರದಂಟಿನ ಡಬ್ಬಿ ಮತ್ತು ಬಾಕಿ ಕಡತ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಮಸ್ತ ಸರ್ಕಾರಿ ನೌಕರ ವರ್ಗಕ್ಕೆ,

ಸರ್ಕಾರಿ ನೌಕರ ಲಂಚ ಮುಟ್ಟುವುದಿಲ್ಲ. ಜನರ ಪ್ರೀತಿಯನ್ನು ಒಲ್ಲೆನ್ನಲಾರ, ಅಷ್ಟೇ. ಈ ಪ್ರೀತಿ ಕಡತ ಬಾಕಿ ಇದ್ದಾಗ ಉಕ್ಕುತ್ತದೆ, ವರ್ಗಾವಣೆಯ ಆದೇಶ ಬಂದ ದಿನ ಬತ್ತುತ್ತದೆ. ಅದರಲ್ಲಿ ಮೂರು ಬಗೆ.

ಮೊದಲನೆಯದು ತಿನಿಸು. ಗೋಕಾಕದಲ್ಲಿ ಇದರ ಹೆಸರು ಕರದಂಟು. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ ಕೂಡಿದ ಈ ಪದಾರ್ಥ ಬಾಣಂತಿಗೆ ಶಕ್ತಿ ಕೊಡುತ್ತದೆ. ಖಾತಾ ಬದಲಾವಣೆಯ ಅರ್ಜಿಗೂ ಕೊಡುತ್ತದೆಂಬ ನಂಬಿಕೆಯಿದೆ.

ಎರಡನೆಯದು ಆತಿಥ್ಯ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ನೋಡಬಂದ ನೌಕರನ ಬೀಗರಿಗೆ ಗುತ್ತಿಗೆದಾರನ ಜೀಪು, ಗುತ್ತಿಗೆದಾರನ ಊಟ. ನಡತೆ ನಿಯಮಗಳ ಪ್ರಕಾರ ಪುಕ್ಕಟೆ ಪ್ರಯಾಣ, ಊಟ, ವಸತಿ ಎಲ್ಲವೂ ಉಡುಗೊರೆಯೇ. ಎಂದೋ ಒಮ್ಮೆಯ ಊಟಕ್ಕೆ ವಿನಾಯಿತಿಯಿದೆ. ನೌಕರನಿಗೆ ಅದು ಬಾಯಿಪಾಠ. ಕಚೇರಿಯಲ್ಲಿ ಕೆಲಸವಿದ್ದವರ ಅದ್ದೂರಿ ಅಥವಾ ಪದೇಪದೇ ಆತಿಥ್ಯ ಬೇಡವೆಂಬ ಮಾತಿಗೆ ಬರುವಷ್ಟರಲ್ಲಿ ಎಲೆ ಹಾಕಿರುತ್ತಾರೆ.

ಮೂರನೆಯದು ಸಮಾರಂಭ: ಶಾಲು, ಹಾರ, ಮಗಳ ಮದುವೆಯ ಆಹೇರ. ಗೋಕಾಕದಿಂದ ಬೇರ್ಪಟ್ಟ ಮೂಡಲಗಿ ತಾಲೂಕಾಗಲು ಸರ್ಕಾರದ ಆದೇಶ ಬೇಕಾಯಿತು. ಆಹೇರದ ಪದ್ಧತಿಗೆ ಬೇಕಾಗಲಿಲ್ಲ. ಹತ್ತಿರದ ಬಂಧುಗಳು ರೂಢಿಯಂತೆ ಕೊಟ್ಟದ್ದನ್ನು ಪಡೆಯಬಹುದು, ಮಿತಿ ಮೀರಿದರೆ ವರದಿ ಮಾಡಬೇಕು. ಮದುವೆಯ ದಿನ ಮಾತ್ರ ಇಡೀ ತಾಲೂಕಿನ ಗುತ್ತಿಗೆದಾರರು ಸೋದರಮಾವಂದಿರಾಗುತ್ತಾರೆ.

ಭ್ರಷ್ಟಾಚಾರ ತಡೆ ಕಾಯ್ದೆ 1988ರದು. 2018ರ ತಿದ್ದುಪಡಿಯ ನಂತರ ತೆಗೆದುಕೊಂಡವನಿಗೆ 3ರಿಂದ 7 ವರ್ಷ ಸಜೆ. ಕೊಟ್ಟವನಿಗೂ 7 ವರ್ಷದವರೆಗೆ. ಒತ್ತಾಯಕ್ಕೆ ಮಣಿದು ಕೊಟ್ಟವನು 7 ದಿನಗಳೊಳಗೆ ದೂರು ಕೊಟ್ಟರೆ ಪಾರು. ಲೋಕಾಯುಕ್ತದವರು ಬಲೆ ಬೀಸುವಾಗ ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ. ಕರದಂಟಿಗೆ ಆ ಪುಡಿ ಸವರುವ ವಾಡಿಕೆಯಿಲ್ಲ. ಅದರ ಜನಪ್ರಿಯತೆಗೆ ರುಚಿಯೊಂದೇ ಕಾರಣವಲ್ಲ.

ಪಾಲಿಸಬೇಕಾದ ಕ್ರಮ ಸರಳ. ಡಬ್ಬಿಯನ್ನು ಬಾಗಿಲಲ್ಲೇ ಕೈಮುಗಿದು ಹಿಂದಿರುಗಿಸಬೇಕು. ಬಿಟ್ಟುಹೋದರೆ ಮೇಲಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಹೆಂಡತಿಯ, ಚಾಲಕನ ಕೈಗೆ ಬಂದದ್ದೂ ನೌಕರನ ಲೆಕ್ಕಕ್ಕೇ ಸೇರುತ್ತದೆ. ಚಹಾದ ದುಡ್ಡು ಸ್ವಂತ ಕಿಸೆಯಿಂದ ಹೋಗಬೇಕು. ಡಬ್ಬಿ ತಂದವನ ಕಡತ ಮೇಲೇರಿದರೆ, ತರದವನದು ತಾನಾಗಿಯೇ ಕೆಳಗಿಳಿಯುತ್ತದೆ.

ಇಂತಿ,
ಪಾಳಿಯಲ್ಲಿ ನಿಂತಿರುವ ಬರಿಗೈ ಅರ್ಜಿದಾರರು