ರೊಟ್ಟಿ ಪರೀಕ್ಷಕರು

ರೊಟ್ಟಿ ಪರೀಕ್ಷಕರು ಕಲಬುರಗಿ ಜಿಲ್ಲೆಯ ಜೇವರ್ಗಿ, ಆಳಂದ, ಅಫಜಲಪುರ ಸೀಮೆಯಲ್ಲಿ ಊರಿಗೊಬ್ಬರಂತೆ, ಊರು ದೊಡ್ಡದಾದರೆ ಓಣಿಗೊಬ್ಬರಂತೆ ಸಿಗುತ್ತಾರೆ. ಯಡ್ರಾಮಿಯಲ್ಲಿರುವ ಮಾದರಿ ಅಭ್ಯಾಸಕ್ಕೆ ಬಹಳ ಅನುಕೂಲವಾದದ್ದು. ವಯಸ್ಸು ಅರವತ್ತು ದಾಟಿರುತ್ತದೆ. ಹೆಚ್ಚಿನವರು ನಿವೃತ್ತ ಮಾಸ್ತರರು. ಬಿಳಿ ಅಂಗಿ, ಹೆಗಲಿಗೆ ಟವೆಲು, ಜೇಬಿನಲ್ಲಿ ಪೆನ್ನು. ಇವರಿಗೆ ರೊಟ್ಟಿ ತಟ್ಟಲು ಬರುವುದಿಲ್ಲ. ಪರೀಕ್ಷಕರಾಗಲು ಇದೇ ಮುಖ್ಯ ಅರ್ಹತೆ. ತಟ್ಟಲು ಬರುವವರಿಗೆ ಮಾತಾಡುವಷ್ಟು ಪುರಸೊತ್ತು ಎಲ್ಲಿರುತ್ತದೆ?

ಪರೀಕ್ಷಕರ ದೃಷ್ಟಿಯಿಂದ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ನಿದ್ದೆ ಹೋಗಿದ್ದರೆ ಎಬ್ಬಿಸಿ, ಬುದ್ಧ ಮಲಗಿದ ಹಾಗೆ ಕಾಣುವ ಶಹಾಪುರದ ಗುಡ್ಡದಲ್ಲಿ ಮೂಗು ಎಲ್ಲಿದೆಯೆಂದು ತೋರಿಸುತ್ತಾರೆ. ಮಾಳಿಗೆಗೆ ಹಾಸಿದ ಶಹಾಬಾದ್ ಪರ್ಸಿ ನೋಡಿ ಮನೆಯ ವಯಸ್ಸು ಹೇಳುತ್ತಾರೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಯಡ್ರಾಮಿಯೂ ಒಂದು. ಯಾವುದಾದರೂ ಬೋರ್ಡಿನ ಮೇಲೆ ಇನ್ನೂ ‘ತಾ. ಜೇವರ್ಗಿ’ ಎಂದು ಉಳಿದಿದ್ದರೆ ಅದರ ಪತ್ತೆ ಇವರಿಗೆ ಖಂಡಿತ ಇರುತ್ತದೆ. ಆದರೆ ಇವೆಲ್ಲ ಉಪವಿಷಯಗಳು. ಮುಖ್ಯ ವಿಷಯ ಗಂಗಾಳಕ್ಕೆ ಬಂದು ಬೀಳುವಂಥದು.

ಜೋಳದ ಹಿಟ್ಟಿನಲ್ಲಿ ಗೋಧಿ ಹಿಟ್ಟಿನ ಅಂಟಿಲ್ಲ. ಅದಕ್ಕೇ ಕುದಿಯುವ ಎಸರು ಹೊಯ್ದು, ಪಿಷ್ಟ ಅರೆಬರೆ ಬೆಂದು ಜಿಗಿ ಬರುವಂತೆ ಮಾಡಿ ನಾದಬೇಕು. ನಾದಿದ್ದನ್ನು ತಟ್ಟಿ, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೊನೆಗೆ ಉರಿಗೆ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಇಷ್ಟನ್ನು ಈ ಸೀಮೆಯ ಹತ್ತು ವರ್ಷದ ಹುಡುಗಿಯೂ ಬಲ್ಲಳು. ಪರೀಕ್ಷಕರು ಇದನ್ನೇ ತಮ್ಮ ಸಂಶೋಧನೆಯೆಂಬಂತೆ ಹೇಳುತ್ತಾರೆ.

ಬಿಸಿ ರೊಟ್ಟಿ ಬಂದೊಡನೆ ಪರೀಕ್ಷೆ ಶುರುವಾಗುತ್ತದೆ. ಡಾಕ್ಟರು ಎಕ್ಸ್‌ರೇ ಹಿಡಿದಂತೆ ಅದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿಯುತ್ತಾರೆ. ಆಮೇಲೆ ಮೂಸುತ್ತಾರೆ, ಅಂಚು ಮುರಿದು ಬೆರಳಲ್ಲಿ ತಿಕ್ಕುತ್ತಾರೆ. ಪಕ್ಕದವರೂ ಅಲ್ಲಿಯವರೆಗೆ ಕೈ ಹಚ್ಚುವಂತಿಲ್ಲ. ಬೆಂಗಳೂರಿನಿಂದ ಬಂದ ಸೋದರಳಿಯನೊಬ್ಬ ಹೀಗೆ ಸಿಕ್ಕಿಬಿದ್ದ ಪ್ರಸಂಗ ಉದಾಹರಣೆಯಾಗಿ ಸಾಕು. ಅವನಿಗೆ ನಾಲ್ಕಕ್ಷರ ಬರೆಯುವ ಚಟವಿತ್ತು. ನೋಟುಬುಕ್ಕು ಹಿಡಿದವರನ್ನು ಕಂಡರೆ ಪರೀಕ್ಷಕರ ದನಿ ಏರುತ್ತದೆಂಬುದು ಅವನಿಗೆ ತಿಳಿದಿರಲಿಲ್ಲ. ಮಟಮಟ ಮಧ್ಯಾಹ್ನ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಹೊಟ್ಟೆ. ಎದುರಿಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ. ಕೈ ಮುಂದಾಯಿತು.

“ತಡಿ ತಮ್ಮಾ, ತಿನ್ನೋದು ಇದ್ದೇ ಅದ. ಮೊದಲ ನೋಡು. ಇದು ಮಾಲ್ದಂಡಿ. ಯರಿ ಹೊಲದ್ದು. ಭೀಮಾ ದಂಡಿದಲ್ಲ, ಇಜೇರಿ ಕಡೀದು.”

ಮಾಲ್ದಂಡಿ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ಎಂ 35-1 ಎಂದು ಹೆಸರಿಟ್ಟದ್ದು, ಹಿಂಗಾರಿಯಲ್ಲಿ ಕರಿನೆಲದ ಹಸಿಯನ್ನೇ ಕುಡಿದು ಅದು ಬೆಳೆಯುವುದು, ಮೊದಲ ರೊಟ್ಟಿಯ ಹೊತ್ತಿಗೆ ಮುಗಿಯಿತು. ಎರಡನೆಯ ರೊಟ್ಟಿಗೆ ಹಗೇವಿನ ಅಧ್ಯಾಯ: ನೆಲದೊಳಗೆ ಕುಣಿ ತೋಡಿ ಜೋಳ ತುಂಬಿ ಬಾಯಿ ಮುಚ್ಚಿದರೆ ಬರಗಾಲಕ್ಕೂ ಕಾಳು ಉಳಿಯುತ್ತಿತ್ತು, ತೆರೆದ ತಕ್ಷಣ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುವ ಭಯವಿದ್ದುದರಿಂದ ಮೊದಲು ಕಂದೀಲು ಇಳಿಬಿಟ್ಟು ಅದು ಆರುತ್ತದೋ ಇಲ್ಲವೋ ನೋಡುತ್ತಿದ್ದರು, ಗೋಡೆಗೆ ತಾಗಿದ ಕಾಳಿನ ರೊಟ್ಟಿಗೆ ಬೇರೆಯದೇ ವಾಸನೆ. ಅಳಿಯ ಬರೆದುಕೊಳ್ಳುತ್ತಲೇ ಇದ್ದ, ರೊಟ್ಟಿಗಳು ಗಂಗಾಳದಲ್ಲಿ ಒಂದರ ಮೇಲೊಂದು ಏರುತ್ತಲೇ ಇದ್ದವು. ಬೆಣ್ಣೆ ಕರಗಿ, ಇಂಗಿ, ಅಂಚುಗಳು ಸೆಟೆದುಕೊಂಡವು. ಒಲೆಯ ಮುಂದಿನಿಂದ ಅತ್ತೆಯ ದನಿ ಬಂತು:

“ಇಜೇರೀದೂ ಅಲ್ಲ, ಎಲ್ಲೀದೂ ಅಲ್ರೀ. ಹೋದ ವಾರ ಸಂತ್ಯಾಗ ನೀವೇ ತಂದೀರಿ.”

“ಸಂತಿಗಿ ಎಲ್ಲಿಂದ ಬಂತು ಅಂತನೇ ಹೇಳ್ಲಾಕತ್ತೀನಿ,” ಎಂದು ಮಾಮಾ ಮೂರನೆಯ ಅಧ್ಯಾಯಕ್ಕೆ ಹೋದರು. ಅಂದು ಅಳಿಯ ತಣ್ಣನೆಯ ರೊಟ್ಟಿಯನ್ನೇ ತಿಂದ. ಈ ವಿವರ ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಓದುಗರು ಕೇಳಬಾರದು.

ಉಳಿದ ಲಕ್ಷಣಗಳು ಋತುಮಾನಕ್ಕೆ ತಕ್ಕಂತೆ ಕಾಣಿಸಿಕೊಳ್ಳುತ್ತವೆ. ಎಳ್ಳಮವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಸಜ್ಜಿ ರೊಟ್ಟಿಗೆ ಕೈಯಿಟ್ಟರೆ, ಇವರು ಭಜ್ಜಿಯಲ್ಲಿ ಯಾವ ಯಾವ ಸೊಪ್ಪು, ಯಾವ ಯಾವ ಕಾಳು ಬಿದ್ದಿವೆಯೆಂದು ಎಣಿಸುತ್ತ ಕೂರುತ್ತಾರೆ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ, ಎರಡೂ ಸಲ ತಮಗೇ ಸನ್ಮಾನವಾದಂತೆ ಕಟ್ಟೆಯ ಮೇಲೆ ಕೂತು ಅಭಿನಂದನೆ ಸ್ವೀಕರಿಸಿದರು. ಊಟದ ಹಿರಿಮೆಗೆ ಆಧಾರ ಕೇಳಿದರೆ, ಇದೇ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರನ್ನು ಮುಂದಿಡುತ್ತಾರೆ. ಅಲ್ಲಿಗೆ ಎದುರುವಾದ ಮುಗಿಯುತ್ತದೆ. ಬೆಳೆದ ಜೋಳವನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರೆಂದು ಶರಣರ ಖ್ಯಾತಿ. ಆ ಹಕ್ಕಿಗಳನ್ನು ಯಾರೂ ತಡೆದು ಉಪನ್ಯಾಸ ಮಾಡಲಿಲ್ಲ.

ಪರೀಕ್ಷಕರ ವಿದ್ಯೆಯ ಮೂಲ ಒಲೆಯ ಮುಂದಿದೆ. ಎಸರಿನ ಸದ್ದಿನಿಂದಲೇ ಹದ ಹೇಳುವ ಹೆಂಡತಿ ಆಗೀಗ ಆಡಿದ್ದನ್ನು ಅವರು ಕಟ್ಟೆಯ ಮೇಲೆ ವಿಸ್ತರಿಸುತ್ತಾರೆ. ಅವಳೂ ಸುಮ್ಮನಿರುವುದಿಲ್ಲ. 1964ರಿಂದ ಬಂದ ಹೈಬ್ರಿಡ್ ಜೋಳವೆಂದರೆ ಇವರಿಗೆ ಆಗದು. ಒಮ್ಮೆ ಅದರದೊಂದು ಮುಷ್ಟಿ ಹಿಟ್ಟನ್ನು ಮಾಲ್ದಂಡಿಗೆ ಬೆರೆಸಿ ತಟ್ಟಿ ಹಾಕಿದಳು. ಎರಡನೆಯ ತುತ್ತಿಗೆ ಇವರು ನಿಂತರು: “ಹಿಟ್ಟಿನ್ಯಾಗ ಏನೋ ಬೆರೆಸಿದಿ.” “ನಿಮ್ಮ ಬಾಯೇ ಕೆಟ್ಟದ,” ಎಂದು ಅವಳು ಒಲೆಯ ಕಡೆ ತಿರುಗಿದಳಾದರೂ ಅಂದು ಸಂಜೆ ನೆರೆಮನೆಯಾಕೆಗೆ ಈ ಸುದ್ದಿ ಹೇಳುವಾಗ ಅವಳ ಮುಖ ಅರಳಿತ್ತು. ಸುತ್ತಲಿನ ಮನೆಗಳಲ್ಲಿ ಮೊಬೈಲು ನೋಡುತ್ತ ಉಣ್ಣುವವರಿಗೆ ಗಂಗಾಳದಲ್ಲಿ ಏನಿದೆಯೆಂಬುದೇ ತಿಳಿಯದು. ಈ ಮನೆಯಲ್ಲಿ ಮಾತ್ರ ದಿನಾ ತಟ್ಟಿದ ಒಂದೊಂದು ರೊಟ್ಟಿಯನ್ನೂ ನೋಡುವವರೊಬ್ಬರು ಇದ್ದಾರೆ. ಮೆಚ್ಚುಗೆಯ ಮಾತು ಅವರ ಬಾಯಲ್ಲಿ ಬರುವುದಿಲ್ಲ, ಬರುವುದು ತಕರಾರು. ಅವಳಿಗೆ ಅಷ್ಟು ಸಾಕಾದಂತಿದೆ.

ಪರೀಕ್ಷೆಯ ವಸ್ತು ಮಾತ್ರ ಕಡಿಮೆಯಾಗುತ್ತಿದೆ. ನಾರಾಯಣಪುರದ ಕಾಲುವೆಯ ನೀರು ಹರಿದ ಕಡೆ ಹತ್ತಿ ಬಂದಿದೆ. ಹಗೇವುಗಳು ಮುಚ್ಚಿವೆ, ಅವುಗಳ ಮೇಲೆ ಪರ್ಸಿ ಹಾಸಿ ಮೋಟಾರು ಸೈಕಲ್ಲು ನಿಲ್ಲಿಸಿದ್ದಾರೆ. ಸ್ವಸಹಾಯ ಸಂಘದ ಮಹಿಳೆಯರು ತಟ್ಟಿದ ಒಣ ರೊಟ್ಟಿ ‘ಕಲಬುರಗಿ ರೊಟ್ಟಿ’ಯೆಂಬ ಹೆಸರಿನಲ್ಲಿ ಪ್ಯಾಕೆಟ್ಟಾಗಿ ಮಾರಾಟಕ್ಕೆ ಬಂದಿದೆ, ತಟ್ಟುವ ಕೈಗೆ ನಾಲ್ಕು ಕಾಸು ಸಿಗುವುದರಿಂದ ಇದು ಒಳ್ಳೆಯದೇ. ಪ್ಯಾಕೆಟ್ಟಿನ ರೊಟ್ಟಿಯನ್ನೂ ಇವರು ಬೆಳಕಿಗೆ ಹಿಡಿಯುತ್ತಾರೆ. ಯಾವ ಹೊಲದ್ದೆಂದು ಹೇಳಲು ಹೋಗಿ ಒಂದು ಗಳಿಗೆ ತಡೆಯುತ್ತಾರೆ, ಆಮೇಲೆ ಇಜೇರಿಯೆಂದೇ ಹೇಳುತ್ತಾರೆ.

ಹೊಸಬರಿಗೆ ಸೂಚನೆ: ನೋಟುಬುಕ್ಕು ಚೀಲದಲ್ಲೇ ಇರಲಿ. ಪ್ರಶ್ನೆಯಿದ್ದರೆ ಕೈ ತೊಳೆದ ಮೇಲೆ ಕೇಳಬೇಕು. ಕೂರುವಾಗ ಒಲೆಯ ಹತ್ತಿರದ ಜಾಗ ಹಿಡಿಯುವುದು ಲೇಸು. ಅಲ್ಲಿಗೆ ರೊಟ್ಟಿ ಮೊದಲು ಬರುತ್ತದೆ, ಉಪನ್ಯಾಸ ಆಮೇಲೆ.