ಆಟಿಯಲ್ಲಿ ಬಟಾಟೆ ಪ್ರಯೋಗ

ನೀರು ತಾನಾಗಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತೋರಿಸುವ ಪ್ರಯೋಗವನ್ನು ಮಂಗಳೂರಿನಲ್ಲಿ ಆಟಿ ತಿಂಗಳಲ್ಲಿ ಮಾಡಲೇಬಾರದು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಇದು. ಆಗ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸಲು ಹಿಡಿಯುತ್ತದೆ, ಒಗೆದ ಬಟ್ಟೆಗೆ ಒಣಗುವ ಮೊದಲೇ ವಾಸನೆ ಬರುತ್ತದೆ. ಇಂಥಲ್ಲಿ ಬಟಾಟೆಯ ಹೊಂಡದಲ್ಲಿ ನಾಲ್ಕು ಹನಿ ನೀರು ಕಂಡರೆ ಯಾರಿಗೆ ಆಶ್ಚರ್ಯ?

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ಬರೆದವರು ಎಲ್ಲೋ ಒಣ ಊರಿನವರಿರಬೇಕು. ಸಿಪ್ಪೆ ತೆಗೆದ ನಾಲ್ಕು ಅರ್ಧ ಬಟಾಟೆ ತೋಡಿ ಬಟ್ಟಲು ಮಾಡಿ ನೀರಿನಲ್ಲಿ ಇಡಬೇಕಂತೆ. ‘ಎ’ ಖಾಲಿ. ‘ಬಿ’ಗೆ ಒಂದು ಚಮಚ ಸಕ್ಕರೆ, ‘ಸಿ’ಗೆ ಉಪ್ಪು. ‘ಡಿ’ ಮಾತ್ರ ಬೇಯಿಸಿದ ಬಟಾಟೆ, ಅದಕ್ಕೂ ಸಕ್ಕರೆ. ಎರಡು ಗಂಟೆ ಕಾಯಬೇಕು.

ತಂಗಿಯ ಮಗಳು ಉರ್ವದ ನಮ್ಮ ಮನೆಯಲ್ಲಿ ಇದನ್ನು ಹೂಡಿದಳು. ಹೊತ್ತಾದ ಮೇಲೆ ನೋಡಿದರೆ ‘ಬಿ’, ‘ಸಿ’ಗಳಲ್ಲಿ ನೀರು ನಿಂತಿತ್ತು. “ಅಭಿಸರಣೆ!” ಎಂದು ಕೂಗಿದಳು. ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ.

“ಇದರಲ್ಲಿ ಎಂತ ಉಂಟು ಹೊಸತು? ನಮ್ಮ ಉಪ್ಪಿನ ಡಬ್ಬಿ ತೆಗೆದು ನೋಡು ಮಗಾ, ಬಟಾಟೆ ಇಲ್ಲದೆಯೇ ನೀರಾಗಿದೆ.”

ನ್ಯಾಯವಾದ ಆಕ್ಷೇಪ. ಗಾಳಿಯ ಪಸೆಯನ್ನು ಉಪ್ಪು ಎಳೆದುಕೊಳ್ಳುವುದು ನಿಜ, ಅಡುಗೆಮನೆಯೇ ಸಾಕ್ಷಿ. ಹುಡುಗಿ ಮಾತ್ರ ಸೋಲುವವಳಲ್ಲ. “ಹಾಗಾದರೆ ‘ಡಿ’ ಯಾಕೆ ತುಂಬಲಿಲ್ಲ ಅಜ್ಜಿ? ಅದಕ್ಕೂ ಇದೇ ಗಾಳಿ, ಇದೇ ಸಕ್ಕರೆ.”

ತುರಿಯುವುದು ನಿಂತಿತು. ಹಸಿ ಬಟಾಟೆಯ ಒಂದೊಂದು ಜೀವಕೋಶಕ್ಕೂ ಪೊರೆ ಇರುತ್ತದೆ. ಕೊಬ್ಬಿನ ಎರಡು ಪದರ, ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ನೀರನ್ನು ಸಲೀಸಾಗಿ ಬಿಡುತ್ತದೆ, ಸಕ್ಕರೆಯನ್ನು ತಡೆಯುತ್ತದೆ. ಹಾಗಾಗಿ ನೀರೇ ಸಕ್ಕರೆಯ ಕಡೆಗೆ ನಡೆಯುತ್ತದೆ. ಬೇಯಿಸಿದರೆ ಪೊರೆ ಹಾಳು. ಆಮೇಲೆ ತಡೆಯುವವರೂ ಇಲ್ಲ, ಏರಿ ನಿಲ್ಲುವ ನೀರೂ ಇಲ್ಲ. ಆ ಪೊರೆಯಲ್ಲಿ ನೀರಿಗೆಂದೇ ಪ್ರೋಟೀನಿನ ಕಿಂಡಿಗಳಿವೆಯೆಂದು ತೋರಿಸಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಸಿಕ್ಕಿತು.

ಅಮ್ಮ ಎದ್ದು ಹೋಗಿ ಉಪ್ಪುಸೊಳೆಯ ಭರಣಿ ತಂದಿಟ್ಟರು. ಬೇಸಿಗೆಯಲ್ಲಿ ಹಲಸಿನ ಸೊಳೆಗೆ ಬರೇ ಉಪ್ಪು ಬೆರೆಸಿ ತುಂಬಿಸಿದ್ದು, ಹನಿ ನೀರು ಹಾಕಿರಲಿಲ್ಲ. ಈಗ ಸೊಳೆಯೆಲ್ಲ ಉಪ್ಪುನೀರಿನಲ್ಲಿ ಮುಳುಗಿದೆ. “ಇದು ಗಾಳಿಯದ್ದೋ, ಪೊರೆಯದ್ದೋ?” ಮೊದಲು ನೀರು ಹೊರಬರುವುದು ಪೊರೆಯ ಕೆಲಸ, ಆಮೇಲೆ ಕೋಶ ಸತ್ತು ಉಪ್ಪು ಒಳನುಗ್ಗುತ್ತದೆ ಎಂದು ಹುಡುಗಿ ವಿವರಿಸಿದಳು. ಸತ್ತ ಸುದ್ದಿ ಅಮ್ಮನಿಗೆ ಹಿಡಿಸಲಿಲ್ಲ. ಅದೇ ಸೊಳೆಯನ್ನು ರಾತ್ರಿ ರೊಟ್ಟಿಗೆ ನೆನೆಹಾಕುವುದಿತ್ತು.

1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ ಸಾರಾಯಿ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶ ಕಟ್ಟಿ ನೀರಲ್ಲಿ ಮುಳುಗಿಸಿದ. ನೀರು ಒಳಹೊಕ್ಕು ಚರ್ಮ ಉಬ್ಬಿತು. ಅಭಿಸರಣೆಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ. ಪಾದ್ರಿ, ಹಂದಿ, ಸಾರಾಯಿ ಮೂರೂ ಮಂಗಳೂರಿಗೆ ಹೊಸತಲ್ಲ. ಆದರೂ ಭರಣಿ ಇನ್ನೂ ಮೇಜಿನ ಮೇಲಿದ್ದುದರಿಂದ ಈ ಭಾಗವನ್ನು ಅಮ್ಮನಿಗೆ ಹೇಳಲಿಲ್ಲ.

ಅವರಿಗೆ ಸಮಾಧಾನವಾಗಿರಲಿಲ್ಲ. ಮರುದಿನ ಹುಡುಗಿ ಶಾಲೆಯಲ್ಲಿ ತೋರಿಸಲು ಬಟ್ಟಲು ಜೋಡಿಸುವಾಗ ಪಕ್ಕದಲ್ಲಿ ಒಂದು ಸ್ಟೀಲು ತಟ್ಟೆ ಇಟ್ಟು, ಅದಕ್ಕೂ ಒಂದು ಚಮಚ ಸಕ್ಕರೆ ಸುರಿದರು. ಬಟಾಟೆಯೂ ಇಲ್ಲ, ನೀರೂ ಇಲ್ಲ. “ಗಾಳಿ ಎಷ್ಟು ಕೊಡ್ತದೆ ನೋಡುವ.”

ತರಗತಿಯಲ್ಲಿ ಟೀಚರ್ ಪುಸ್ತಕ ತಿರುವಿ ನೋಡಿ ಕೇಳಿದರಂತೆ: “ಇಲ್ಲಿ ‘ಡಿ’ವರೆಗೆ ಮಾತ್ರ ಉಂಟಲ್ಲ. ಈ ‘ಇ’ ಎಲ್ಲಿಂದ ಬಂತು?”

“ಅದು ಅಜ್ಜಿಯದ್ದು ಟೀಚರ್. ಅವರಿಗೆ ಇನ್ನೂ ಸಂಶಯ ಉಂಟು.”