ನೌಕಾವಶೇಷಾವಲಂಬಿತ ಸ್ವಾವಲಂಬನ: ಒಂದು ಮೀಮಾಂಸೆ

ಪರಿಶ್ರಮವೊಂದರಿಂದಲೇ ಪುರುಷನು ಪೂರ್ಣನಾಗುತ್ತಾನೆಂದು ಸಾಧಿಸಬೇಕಾದಾಗಲೆಲ್ಲ ವಿದ್ವಜ್ಜನರು ಡೇನಿಯಲ್ ಡೆಫೋ 1719ರಲ್ಲಿ ಹೊರತಂದ ‘ರಾಬಿನ್ಸನ್ ಕ್ರೂಸೋ’ ಕಾದಂಬರಿಗೆ ಮೊರೆಹೋಗುವುದು ವಾಡಿಕೆ. ನಿರ್ಜನ ದ್ವೀಪ, ಬರಿಗೈ ಮನುಷ್ಯ, 28 ವರ್ಷಗಳ ದುಡಿಮೆ. ಸದರಿ ಸಿದ್ಧಾಂತವನ್ನು ಶಾಸ್ತ್ರೋಕ್ತವಾಗಿ ಸ್ಥಾಪಿಸುವ ಸಲುವಾಗಿ ಪ್ರಸ್ತುತ ಪ್ರಬಂಧವು ‘ನೌಕಾವಶೇಷಾವಲಂಬಿತ ಸ್ವಾವಲಂಬನ’ವೆಂಬ ನೂತನ ಪರಿಕಲ್ಪನೆಯನ್ನು ಮಂಡಿಸುತ್ತದೆ. ಅದು ಸಪ್ತವಿಧ. ಮೊದಲನೆಯದು ತೆಪ್ಪಾನಯನ: ಸದರಿ ಬರಿಗೈಯವನು 13 ದಿನಗಳೊಳಗೆ 11 ಸಲ ಒಡೆದ ಹಡಗಿಗೆ ಹೋಗಿ ಬಡಗಿಯ ಪೆಟ್ಟಿಗೆ, ಬಂದೂಕು, ಮದ್ದುಗುಂಡು, ರಮ್ಮು, ಚೀಸು ಇತ್ಯಾದಿಗಳನ್ನು ಹೊತ್ತು ತರುವುದು. ಎರಡನೆಯದು ನಿರ್ಮೋಹ: ಹಡಗಿನಲ್ಲಿ ಸಿಕ್ಕ ನಾಣ್ಯಗಳನ್ನು ಕೆಲಸಕ್ಕೆ ಬಾರದವೆಂದು ಮನಸಾರೆ ಬೈದು, ಅನಂತರ ಗಂಟುಕಟ್ಟಿ ತರುವುದು. ಮೂರನೆಯದು ಅಪ್ರಯತ್ನಕೃಷಿ: ಕೋಳಿಕಾಳಿನ ಚೀಲ ಕೊಡವಿದಲ್ಲಿ ಬಾರ್ಲಿ ಮೊಳೆಯುವುದು. ಮಿಕ್ಕ ನಾಲ್ಕೂ ಈ ಮೂರರಲ್ಲೇ ಅಂತರ್ಗತವಾದ್ದರಿಂದ, ಹಾಗೆನ್ನುವುದು ಪದ್ಧತಿಯೂ ಆದ್ದರಿಂದ, ಕೈಬಿಟ್ಟಿದೆ.

ಸಾಮಾನು ಇದ್ದ ಮಾತ್ರಕ್ಕೆ ಕೆಲಸ ತಾನಾಗಿ ಆದೀತೇ ಎಂಬ ಪೂರ್ವಪಕ್ಷ ನ್ಯಾಯವಾದದ್ದೇ. ಒಂದು ಹಲಗೆಗಾಗಿ ಕ್ರೂಸೋ 42 ದಿನ ಮರ ಕೆತ್ತಿದ; ಭಾರಿ ದೋಣಿ ಕೊರೆದು, ನೀರಿಗೆ ಇಳಿಸಲಾಗದೆ ಬಿಟ್ಟ. ಆ ಬೆವರು ಸುಳ್ಳಲ್ಲ, ಕಾದಂಬರಿಯ ಸೊಗಸೂ ಅಲ್ಲೇ ಇದೆ. ಆದರೆ ಗರಗಸ ಹಿಡಿದ ಇಬ್ಬರಿದ್ದಿದ್ದರೆ ಅದೇ ಮರದಿಂದ ಅರ್ಧ ದಿನದಲ್ಲಿ ಆರು ಹಲಗೆ ಕೊಯ್ಯುತ್ತಿದ್ದರೆಂದು ಅವನೇ ಬರೆದಿಟ್ಟಿದ್ದಾನೆ. ಭಕ್ತರಿಗಿಂತ ದೇವರೇ ಪ್ರಾಮಾಣಿಕ.

ಇಷ್ಟಕ್ಕೂ ಆ ಹಡಗು ಹೊರಟದ್ದೆಲ್ಲಿಗೆ? ಬ್ರೆಜಿಲಿನ ತೋಟಗಳಿಗೆ ಗುಲಾಮರನ್ನು ಹಿಡಿದು ತರಲು, ಗಿನಿ ಕರಾವಳಿಗೆ. ಸ್ವಾವಲಂಬನದ ಉಪನ್ಯಾಸಗಳಲ್ಲಿ ಈ ಪುಟ ಮಾತ್ರ ಯಾಕೆ ಸದಾ ಅಂಟಿಕೊಂಡಿರುತ್ತದೆ? ಅದು ಕಾಲಧರ್ಮ ಎನ್ನುತ್ತಾರೆ. ಎಂಥ ಕಾಲಧರ್ಮ! ಸಲೇ ಬಂದರಿನಲ್ಲಿ ಸ್ವತಃ ಗುಲಾಮನಾಗಿದ್ದು, ತನ್ನೊಡನೆ ಪಾರಾದ ಕ್ಸೂರಿಯೆಂಬ ಹುಡುಗನನ್ನು 60 ಬೆಳ್ಳಿ ನಾಣ್ಯಕ್ಕೆ ಕೊಟ್ಟುಬಿಟ್ಟವನಿಗೆ ಗುಲಾಮಗಿರಿ ಏನೆಂದು ತಿಳಿಯದೆ? ಕೊನೆಗೆ ಅವನು ಸಿರಿವಂತನಾದದ್ದು ತಾನು ಸುಟ್ಟ ಮಡಕೆಯಿಂದಲ್ಲ, ಹೊಲಿದ ಚರ್ಮದ ಕೊಡೆಯಿಂದಲೂ ಅಲ್ಲ. ಅವನಿಲ್ಲದ ಅಷ್ಟೂ ವರ್ಷ ಬ್ರೆಜಿಲಿನ ಅವನ ತೋಟದಲ್ಲಿ ಬೇರೆಯವರು ದುಡಿದರು. ಅವರು ದಿನಚರಿ ಬರೆಯಲಿಲ್ಲ. ಅಲ್ಲಿ ಎಷ್ಟು ಗುಲಾಮರಿದ್ದಾರೆಂದು ಪಾಲುದಾರ ಪತ್ರದಲ್ಲಿ ತಿಳಿಸಿದನೆಂದು ಕ್ರೂಸೋ ಹೇಳುತ್ತಾನೆ, ಎಷ್ಟೆಂದು ನಮಗೆ ಹೇಳುವುದಿಲ್ಲ. ಅದೇ ಪತ್ರದಲ್ಲಿ ಆಶೀರ್ವಾದಕ್ಕೆಂದು ಬರೆದಿದ್ದ ಶಿಲುಬೆಗಳನ್ನು ಮಾತ್ರ ಎಣಿಸಿ ಹೇಳುತ್ತಾನೆ: 22.